ಕತ್ತೆತ್ತಿ ನಡೆಯುವ ಹಾದಿ

ಟ್ರೆಕ್ಕಿಂಗ್ ಹುಚ್ಚಿನವರ ಜೊತೆ ಮಾತಿಗೆ ಕೂತರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಕಿಲೋಮೀಟರ್? ಎರಡನೆಯದು, ಎಷ್ಟು ಎತ್ತರ ಹತ್ತಬೇಕು? ನನ್ನ ಮೆಚ್ಚಿನ ಹಾದಿಗೆ ಈ ಎರಡರಲ್ಲೂ ಪಾಸ್ ಮಾರ್ಕ್ಸ್ ಬರುವುದಿಲ್ಲ. ಉದ್ದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಎತ್ತರ ಇಲ್ಲವೇ ಇಲ್ಲ ಅಂದರೂ ನಡೆಯುತ್ತದೆ. ಆದರೂ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಒಂದು ಬೆಳಿಗ್ಗೆ ಬಿಡುವು ಸಿಕ್ಕಿತು ಅಂದರೆ ನಾನು ಕಾರು ತಿರುಗಿಸುವುದು ಅಲ್ಲಿಗೇ.

ಡೇಸಿ ಹಿಲ್ ಕನ್ಸರ್ವೇಶನ್ ಪಾರ್ಕ್ ಇರುವುದು ಬ್ರಿಸ್ಬೇನ್ ನಗರದ ಮಧ್ಯದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಆಗ್ನೇಯಕ್ಕೆ. ಪೆಸಿಫಿಕ್ ಮೋಟರ್‌ವೇ ಬಿಟ್ಟು ಒಳಗೆ ಬಂದರೆ ಮನೆ, ಮನೆ, ಮನೆ. ಆಮೇಲೆ ಇದ್ದಕ್ಕಿದ್ದಂತೆ ಕಾಡು. ಟಿಕೆಟ್ ಇಲ್ಲ. ಹುಲ್ಲುಹಾಸು, ಬೆಂಚು, ಬಾರ್ಬೆಕ್ಯೂ ಒಲೆ, ಶೌಚಾಲಯ ಎಲ್ಲ ಇವೆ. ಅಲ್ಲಿಂದ ಹೊರಡುವ ಹಾದಿಗಳಿಗೆ ಹೆಚ್ಚಾಗಿ ಮರಗಳ ಹೆಸರೇ. ಗಾಲಿಕುರ್ಚಿ ತಳ್ಳಿಕೊಂಡು ಹೋಗಬಹುದಾದ ಪೇಪರ್‌ಬಾರ್ಕ್ ಟ್ರೇಲ್ ಎಲ್ಲಕ್ಕಿಂತ ಚಿಕ್ಕದು, ನನ್ನ ಮೆಚ್ಚಿನ ಹಾದಿ ಅದೇ. ಟ್ರೀ ಡಿಸ್ಕವರಿ ಟ್ರೇಲ್ ಅದಕ್ಕಿಂತ ಸ್ವಲ್ಪ ಉದ್ದ, ಆದರೂ ಒಂದು ಕಿಲೋಮೀಟರ್ ದಾಟುವುದಿಲ್ಲ. ಇನ್ನೂ ನಡೆಯಬೇಕು ಅನ್ನಿಸಿದವರಿಗೆ ಸ್ಪಾಟೆಡ್ ಗಮ್, ಸ್ಟ್ರಿಂಗಿಬಾರ್ಕ್, ಬ್ಯುಹಾಟ್ ಕ್ರೀಕ್ ಅಂತ ಬೇರೆ ಹಾದಿಗಳಿವೆ.

ಸುಲಭದ ಹಾದಿಯನ್ನು ನಾನು ಹೊಗಳುವುದು ಸೋಮಾರಿತನಕ್ಕಲ್ಲ. ಲ್ಯಾಮಿಂಗ್ಟನ್ ನ್ಯಾಷನಲ್ ಪಾರ್ಕಿನ ಉದ್ದುದ್ದ ಹಾದಿಗಳೂ ನನಗಿಷ್ಟ. ಆದರೆ ಕಷ್ಟದ ಹಾದಿಯಲ್ಲಿ ಕಣ್ಣು ಕಾಲಿನ ಸೇವೆಗೆ ನಿಂತುಬಿಡುತ್ತದೆ. ಮುಂದಿನ ಕಲ್ಲು ಅಲುಗುತ್ತದಾ, ಈ ಬೇರು ಒದ್ದೆಯಾಗಿದೆಯಾ, ಇಲ್ಲಿ ಜಾರುತ್ತದಾ, ಬರೀ ಇದೇ ಲೆಕ್ಕ. ಇಡೀ ದಿನ ನಡೆದು ಬಂದವರನ್ನು ದಾರಿಯಲ್ಲಿ ಏನು ನೋಡಿದಿರಿ ಅಂತ ಕೇಳಿ. ತುದಿಯಲ್ಲಿ ನಿಂತು ಕಂಡ ನೋಟ ಹೇಳುತ್ತಾರೆ. ಉಳಿದದ್ದೆಲ್ಲ ಮುಂದಿನವರ ಬೆನ್ನು. ಡೇಸಿ ಹಿಲ್‌ನಂಥ ಕಾಡಿನಲ್ಲಿ ನೋಡಬೇಕಾದದ್ದೆಲ್ಲ ತಲೆಯ ಮೇಲಿದೆ. ಕೋಆಲಾ ಮೇಲೆ. ಪಾಸಮ್ ಅನ್ನುವ ಮರ ಹತ್ತುವ ಸಣ್ಣ ಪ್ರಾಣಿ ಮಲಗುವ ಪೊಟರೆಯೂ ಮೇಲೆ. ಮುರಿದ ಕೊಂಬೆಯ ತುಂಡು ಅಂತ ನಂಬಿಸಿ ಕೂತಿರುವ ಟಾನಿ ಫ್ರಾಗ್‌ಮೌತ್ ಹಕ್ಕಿಯೂ ಮೇಲೆಯೇ. ನೆಲ ಸಪಾಟಾಗಿದ್ದರೆ ಮಾತ್ರ ಕತ್ತೆತ್ತಿ ನಡೆಯಲು ಧೈರ್ಯ ಬರುತ್ತದೆ. ಸುಲಭದ ಹಾದಿ ಕಾಲಿಗೆ ರಜೆ ಕೊಟ್ಟು ಕಣ್ಣಿಗೆ ಕೆಲಸ ಹಚ್ಚುತ್ತದೆ.

ಸುಲಭ ಅನ್ನುವುದನ್ನು ಅಳೆಯುವ ಒಂದು ಕ್ರಮವೂ ಇದೆ. ಆಸ್ಟ್ರೇಲಿಯಾದಲ್ಲಿ ನಡೆಯುವ ಹಾದಿಗಳಿಗೆ 1ರಿಂದ 5ರ ತನಕ ಗ್ರೇಡ್ ಕೊಡುತ್ತಾರೆ. ಗ್ರೇಡ್ 1 ಅಂದರೆ ಮೆಟ್ಟಿಲಿಲ್ಲ, ಕಡಿದಾದ ಏರಿಲ್ಲ, 5 ಕಿಲೋಮೀಟರ್ ಒಳಗೆ. ಜೊತೆಗೆ ಒಬ್ಬರಿದ್ದರೆ ಗಾಲಿಕುರ್ಚಿಯಲ್ಲೂ ಹೋಗಬಹುದು. ಗ್ರೇಡ್ 2ರಲ್ಲಿ ನೆಲ ಗಟ್ಟಿಯಾಗಿರುತ್ತದೆ, ಸಣ್ಣ ಏರು ಇರಬಹುದು, ಅಲ್ಲೊಂದು ಇಲ್ಲೊಂದು ಮೆಟ್ಟಿಲು, 10 ಕಿಲೋಮೀಟರ್ ದಾಟುವುದಿಲ್ಲ. 3ಕ್ಕೆ ಬಂದರೆ ಸ್ವಲ್ಪ ಕಾಡು ನಡೆದು ಅಭ್ಯಾಸ ಇದ್ದರೆ ಒಳ್ಳೆಯದು ಅನ್ನುತ್ತಾರೆ. 4 ಮತ್ತು 5 ಪಳಗಿದವರಿಗೆ. ಒಳ್ಳೆಯ ವ್ಯವಸ್ಥೆ. ಆದರೆ ಒಂದು ಮಾತು ನೆನಪಿಡಿ. ಆ ಅಂಕಿ ನೆಲದ ಬಗ್ಗೆ ಹೇಳುತ್ತದೆ, ಅವತ್ತಿನ ದಿನದ ಬಗ್ಗೆ ಹೇಳುವುದಿಲ್ಲ. ಇಲ್ಲಿ ಬೇಸಿಗೆಯಾಗಿರುವ ಜನವರಿಯ ಮಧ್ಯಾಹ್ನ, ಗಾಳಿ ಆಡದೆ ಬೆವರು ಆರದಿರುವಾಗ, ಗ್ರೇಡ್ 1 ಕೂಡ ಸುಸ್ತು ಹೊಡೆಸುತ್ತದೆ.

ಅದಕ್ಕೇ ಇಲ್ಲಿ ಬೇಸಿಗೆಯಲ್ಲಿ ಬೇಗ ಹೋಗಬೇಕು. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಇಲ್ಲ. ಡಿಸೆಂಬರ್‌ನಲ್ಲಿ ಐದು ಗಂಟೆಗೂ ಮುಂಚೆ ಬೆಳಗಾಗಿಬಿಡುತ್ತದೆ. ಆರು ಗಂಟೆಗೆ ಹೋದರೆ ಕೂಕಬರಾ ಹಕ್ಕಿಗಳ ಗುಂಪು ನಗು ಇನ್ನೂ ಮುಗಿದಿರುವುದಿಲ್ಲ. ಇದು ಮಿಂಚುಳ್ಳಿ ಜಾತಿಯ ಹಕ್ಕಿ. ಆದರೆ ಮೀನಿಗಿಂತ ಹಲ್ಲಿ, ಹುಳ, ಸಣ್ಣ ಹಾವುಗಳೇ ಅದಕ್ಕೆ ಜಾಸ್ತಿ ಇಷ್ಟ. ಬಾರ್ಬೆಕ್ಯೂ ಮೇಲಿನ ಸಾಸೇಜ್ ಕೂಡ ಇಷ್ಟ. ತಟ್ಟೆ ಹಿಡಿದು ಮಾತಾಡುತ್ತ ನಿಂತವರ ಹಿಂದಿನಿಂದ ಸದ್ದಿಲ್ಲದೆ ಬಂದು ಎತ್ತಿಕೊಂಡು ಹೋಗುತ್ತದೆ. ನೋಡುವವರಿಗೆ ಪುಕ್ಕಟೆ ಮನರಂಜನೆ.

ಅಮ್ಮ ಇಲ್ಲಿಗೆ ಬಂದಾಗ ಅವರ ಮಂಡಿ ನೋವು ಜೋರಾಗಿತ್ತು. ಎಲ್ಲಿಗೆ ಕರೆದರೂ "ನೀವು ಹೋಗಿ ಬನ್ನಿ, ನಾನು ಕಾರಲ್ಲೇ ಕೂತಿರ್ತೀನಿ" ಅನ್ನುವ ಮಾತು. ಡೇಸಿ ಹಿಲ್‌ಗೂ ಅದೇ ರಾಗ ಶುರುವಾಯಿತು. "ಅಮ್ಮ, ನಮ್ಮ ಬೀದಿ ಕೊನೆಗೆ ಹೋಗಿ ಬಂದಷ್ಟು ದೂರ ಅಷ್ಟೇ, ಮೆಟ್ಟಿಲೂ ಇಲ್ಲ" ಅಂದೆ. ಅನುಮಾನದಿಂದಲೇ ಇಳಿದರು. ಮೊದಲ ಐದು ನಿಮಿಷ ನೆಲ ನೋಡಿಕೊಂಡೇ ನಡೆದರು. ಆಮೇಲೆ ನೆಲದ ಮೇಲೆ ನಂಬಿಕೆ ಬಂತು ಅಂತ ಕಾಣುತ್ತದೆ, ತಲೆ ಎತ್ತಿದರು. ಎತ್ತಿದ ಮೇಲೆ ಅವರನ್ನು ಮುಂದೆ ಕರೆದುಕೊಂಡು ಹೋಗುವುದೇ ಕಷ್ಟವಾಯಿತು. ಪ್ರತಿ ಮರಕ್ಕೂ ಒಂದು ಪ್ರಶ್ನೆ.

"ಇವೆಲ್ಲ ನೀಲಗಿರಿನೇನೇ?"

ಹೌದು ಅಂದೆ. ನಂಬಲಿಲ್ಲ. ನಂಬದಿರುವುದಕ್ಕೆ ಕಾರಣ ಇದೆ. ನೀಲಗಿರಿ ಅಂದರೆ ನಾವು ಕಂಡಿರುವುದು ಗೆರೆ ಎಳೆದು ನೆಟ್ಟ ತೋಪು. ಒಂದೇ ದಪ್ಪ, ಒಂದೇ ಎತ್ತರ, ಕೆಳಗೆ ಏನೂ ಬೆಳೆಯದ ಒಣ ನೆಲ. ಅದೇ ಮರಗಳ ತವರಿನಲ್ಲಿ ಕತೆಯೇ ಬೇರೆ. ಒಂದರ ತೊಗಟೆ ನಾರು ನಾರಾಗಿ ಜೋತಾಡುತ್ತದೆ, ಅದು ಸ್ಟ್ರಿಂಗಿಬಾರ್ಕ್. ಇನ್ನೊಂದರದ್ದು ಕಪ್ಪಗೆ, ಗಟ್ಟಿಯಾಗಿ, ಆಳವಾಗಿ ಸೀಳಿರುತ್ತದೆ, ಅದು ಐರನ್‌ಬಾರ್ಕ್. ಸ್ಪಾಟೆಡ್ ಗಮ್ ತನ್ನ ತೊಗಟೆಯನ್ನು ಚೂರು ಚೂರಾಗಿ ಉದುರಿಸಿ ಮೈತುಂಬ ಮಚ್ಚೆ ಮಾಡಿಕೊಳ್ಳುತ್ತದೆ. ಪೇಪರ್‌ಬಾರ್ಕ್ ಮಾತ್ರ ಈ ಗುಂಪಿಗೆ ಸೇರಿದ್ದಲ್ಲ, ಅದು ಮೆಲಲೂಕಾ. ನೀರು ನಿಲ್ಲುವ ತಗ್ಗಿನಲ್ಲಿ ಬೆಳೆಯುತ್ತದೆ. ಮೈಮೇಲೆ ಬಿಳಿಯ ತೆಳು ತೊಗಟೆ ಪದರ ಪದರವಾಗಿ ಬಿಚ್ಚಿಕೊಂಡಿರುತ್ತದೆ. ಅಂಗೈ ಇಟ್ಟು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಅಮ್ಮ ಅದನ್ನು ಎರಡೆರಡು ಸಲ ಒತ್ತಿ ನೋಡಿದರು.

ಆದರೆ ಅವರು ಜಾಸ್ತಿ ಹೊತ್ತು ನಿಂತಿದ್ದು ಸ್ಕ್ರಿಬ್ಲಿ ಗಮ್ ಮುಂದೆ. ನುಣ್ಣನೆಯ ಬೂದು ಬಿಳಿ ಕಾಂಡ. ಅದರ ಮೇಲೆ ಕಂದು ಬಣ್ಣದ ಗೀಚು. ಗೆರೆ ಅಂಕುಡೊಂಕಾಗಿ ಅತ್ತಿತ್ತ ಓಲಾಡುತ್ತ ಹೋಗಿ, ಒಂದು ಕಡೆ ಸಟ್ಟನೆ ತಿರುಗಿ, ಬಂದ ದಾರಿಯ ಪಕ್ಕಕ್ಕೇ ವಾಪಸು ಬರುತ್ತದೆ.

"ಯಾವ ಮಗು ಗೀಚಿತೇ ಇದನ್ನ? ಬೈಯೋರು ಯಾರೂ ಇಲ್ವಾ ಇಲ್ಲಿ?"

ಗೀಚಿದ್ದು ಮಗುವಲ್ಲ, ಒಂದು ಪತಂಗದ ಮರಿಹುಳು. ಕಣ್ಣಿಗೆ ಬೀಳದಷ್ಟು ಪುಟ್ಟ ಪತಂಗ ತೊಗಟೆಯ ಮೇಲೆ ಮೊಟ್ಟೆಯಿಡುತ್ತದೆ. ಹುಳು ಒಳಗೆ ಕೊರೆದುಕೊಂಡು ಹೋಗಿ ಹಳೆ ತೊಗಟೆಗೂ ಹೊಸ ತೊಗಟೆಗೂ ನಡುವೆ ಸುರಂಗ ತೋಡುತ್ತದೆ. ಒಂದಷ್ಟು ದೂರ ಹೋಗಿ ತಿರುಗಿ ಬರುತ್ತದೆ. ಇತ್ತ ಮರ ಸುಮ್ಮನಿರುವುದಿಲ್ಲ. ಗಾಯವಾದ ಸುರಂಗವನ್ನು ಮೆತ್ತನೆಯ ಹೊಸ ಅಂಗಾಂಶದಿಂದ ತುಂಬುತ್ತದೆ. ಹುಳುವಿಗೆ ಬೇಕಾಗಿದ್ದದ್ದೂ ಅದೇ. ತಾನು ತೋಡಿದ ದಾರಿಯಲ್ಲೇ ವಾಪಸು ಹೋಗುತ್ತ, ಮರ ತುಂಬಿಟ್ಟದ್ದನ್ನು ತಿಂದು, ಬೇಗ ಬೇಗ ಬೆಳೆದು ಹೊರಗೆ ಬೀಳುತ್ತದೆ. ಮುಂದೆ ಹಳೆ ತೊಗಟೆ ಕಳಚಿದಾಗ ನಮಗೆ ಗೀಚು ಕಾಣುತ್ತದೆ. ಅಷ್ಟೊತ್ತಿಗೆ ಬರೆದವರು ಊರು ಬಿಟ್ಟಿರುತ್ತಾರೆ. ಬಹಳ ಕಾಲ ಇದು ಒಂದೇ ಜಾತಿಯ ಪತಂಗದ ಕೆಲಸ ಅಂದುಕೊಂಡಿದ್ದರು. 2012ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆ ಸಿಎಸ್ಐಆರ್ಓದ ವಿಜ್ಞಾನಿಗಳು ಇನ್ನೂ 11 ಜಾತಿಗಳನ್ನು ಗುರುತಿಸಿ ಹೆಸರಿಟ್ಟರು. ಆ ತಂಡದಲ್ಲಿದ್ದ ಮ್ಯಾಕ್ಸ್ ಡೇ ಅವರಿಗೆ ಆಗ ತೊಂಬತ್ತು ದಾಟಿತ್ತು. ಈ ವಿವರ ಹೇಳಿದಾಗ ಅಮ್ಮನಿಗೆ ಹುಳುವಿಗಿಂತ ಅವರೇ ಜಾಸ್ತಿ ಇಷ್ಟವಾದರು.

ಸುತ್ತು ಮುಗಿದು ಕಾರು ಕಂಡಾಗ ಅಮ್ಮ ಕೇಳಿದ್ದು, "ಇಷ್ಟೇನಾ? ಇನ್ನೊಂದು ಸುತ್ತು ಹೋಗೋಣ ನಡಿಯೇ." ಈ ಹಾದಿಗಳನ್ನು ನಾನು ಯಾರ ಮುಂದೆಯೂ ಬಿಟ್ಟುಕೊಡದಿರುವುದಕ್ಕೆ ಇದೂ ಒಂದು ಕಾರಣ. ಬೆಳಿಗ್ಗೆ ಹೊತ್ತು ಅಲ್ಲಿ ನಿಂತು ನೋಡಿ. ತಳ್ಳುಗಾಡಿಯಲ್ಲಿ ಮಗು, ಕೋಲೂರಿಕೊಂಡ ಅಜ್ಜ, ಆಪರೇಷನ್ ಆಗಿ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿರುವವರು. ಕಾಡು ನೋಡಬೇಕಾದರೆ ಗಟ್ಟಿ ಮಂಡಿ ಬೇಕು ಅನ್ನುವುದು ಯಾವ ನ್ಯಾಯ?

ಇನ್ನು ಕೋಆಲಾ ವಿಷಯ. ಬರುವವರಲ್ಲಿ ಹೆಚ್ಚಿನವರು ಅದಕ್ಕೇ ಬರುವುದು. ಪಾರ್ಕಿನಲ್ಲಿ 1995ರಿಂದ ಒಂದು ಕೋಆಲಾ ಸೆಂಟರ್ ಇದೆ, ಪ್ರವೇಶ ಉಚಿತ. ಅಲ್ಲಿ ಹತ್ತಿರದಿಂದ ನೋಡಬಹುದು. ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವ ವ್ಯವಹಾರ ಇಲ್ಲಿಲ್ಲ, ಇಲ್ಲದಿರುವುದೇ ಒಳ್ಳೆಯದು. ಕಾಡಿನಲ್ಲಿರುವುದನ್ನು ನೀವೇ ಹುಡುಕಬೇಕು. ಎಷ್ಟೋ ಸಲ ಕಾಣುವುದೇ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಜೊತೆಗೆ ಬಂದ ಮಕ್ಕಳು ಕಡಿಮೆ ಗಲಾಟೆ ಮಾಡುತ್ತಾರೆ.

ಹುಡುಕುವುದಕ್ಕೆ ಒಂದು ವಿಧಾನವಿದೆ. ಮೊದಲು ಮೇಲೆ ನೋಡಬೇಡಿ, ಮರದ ಬುಡ ನೋಡಿ. ಹಿಕ್ಕೆ ಬಿದ್ದಿದೆಯಾ? ಕೋಆಲಾ ಹಿಕ್ಕೆ ಉದ್ದುದ್ದಕ್ಕೆ, ನುಣ್ಣಗೆ, ಆಲಿವ್ ಬೀಜದ ಆಕಾರದಲ್ಲಿರುತ್ತದೆ. ಹೊಸದಾದರೆ ಸ್ವಲ್ಪ ಹಸಿರು, ಮುರಿದರೆ ನೀಲಗಿರಿ ಎಣ್ಣೆಯ ವಾಸನೆ. ಆಮೇಲೆ ಕಾಂಡ ನೋಡಿ. ಗ್ರೇ ಗಮ್ ಮರದ ತೊಗಟೆ ನುಣುಪು. ಅದರ ಮೇಲೆ ಉಗುರು ಊರಿದ ಸಣ್ಣ ಗುಳಿಗಳು, ಜಾರಿದ ಉದ್ದ ಗೆರೆಗಳು ತಿಂಗಳುಗಟ್ಟಲೆ ಉಳಿದಿರುತ್ತವೆ. ಪಾಸಮ್, ಉಡಗಳೂ ಹತ್ತುತ್ತವೆ, ಹಾಗಾಗಿ ಗೆರೆ ಕಂಡ ಮಾತ್ರಕ್ಕೆ ಕೋಆಲಾ ಇದೆ ಅಂತಲ್ಲ. ಮೂರನೆಯದಾಗಿ ಕೊಂಬೆ ಕವಲೊಡೆಯುವ ಜಾಗಗಳನ್ನು ಒಂದೊಂದಾಗಿ ನೋಡುತ್ತ ಮೇಲೆ ಹೋಗಿ. ಬೂದು ಬಣ್ಣದ ಗಂಟು ಕಾಣುತ್ತದೆ. ಹತ್ತರಲ್ಲಿ ಒಂಬತ್ತು ಗಂಟುಗಳು ಬರೀ ಗಂಟುಗಳೇ, ಇಲ್ಲವೇ ಗೆದ್ದಲ ಗೂಡು. ಕಿವಿ ಇರುವ ಗಂಟಿಗಾಗಿ ಕಾಯಬೇಕು.

ಸಿಕ್ಕಿದರೂ ಅದು ಮಲಗಿರುತ್ತದೆ. ದಿನಕ್ಕೆ 20 ಗಂಟೆಯ ತನಕ ಮಲಗುವ ಪ್ರಾಣಿ ಅದು. ಸೋಮಾರಿ ಅಂತ ಬೈಯುವ ಮುಂಚೆ ಅದರ ಊಟ ನೋಡಬೇಕು. ನೀಲಗಿರಿ ಎಲೆಯಲ್ಲಿ ಸತ್ವ ಕಡಿಮೆ, ನಾರು ಜಾಸ್ತಿ, ಮೇಲಿಂದ ವಿಷ. ಅದನ್ನು ಅರಗಿಸಿಕೊಂಡು ಬದುಕುವುದೇ ಒಂದು ದುಡಿಮೆ. ಸೆಕೆ ದಿನಗಳಲ್ಲಿ ಅದು ಕೊಂಬೆಯ ತುದಿ ಬಿಟ್ಟು ಕೆಳಗಿಳಿದು ಕಾಂಡವನ್ನು ತಬ್ಬಿಕೊಂಡಿರುತ್ತದೆ. ನೋಡಲು ಮುದ್ದಾಗಿದೆ, ಆದರೆ ಮುದ್ದಿಗಾಗಿ ಅಲ್ಲ. ವಿಕ್ಟೋರಿಯಾದಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದು ಮಾಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಬಿಸಿಲಿನ ದಿನ ಮರದ ಕಾಂಡ ಸುತ್ತಲಿನ ಗಾಳಿಗಿಂತ ತಂಪಾಗಿರುತ್ತದೆ, ಕೋಆಲಾ ಮೈಯ ಬಿಸಿಯನ್ನು ಅದಕ್ಕೆ ದಾಟಿಸುತ್ತದೆ ಅಂತ ಗೊತ್ತಾಯಿತು. ತಾನು ಎಲೆ ತಿನ್ನದ ವಾಟಲ್ ಅನ್ನುವ ಜಾಲಿ ಜಾತಿಯ ಮರವನ್ನು ಕೂಡ ಬರೀ ತಂಪಿಗಾಗಿ ತಬ್ಬಿಕೊಳ್ಳುತ್ತದಂತೆ. ಹಾಗಾಗಿ ಬೇಸಿಗೆಯಲ್ಲಿ ತುದಿ ನೋಡಿ ಕತ್ತು ನೋಯಿಸಿಕೊಳ್ಳಬೇಡಿ. ದಪ್ಪ ಕಾಂಡದ ಕೆಳಗಿನ ಭಾಗವನ್ನೂ ನೋಡಿ.

ಸುಲಭದ ಹಾದಿ ಇನ್ನೊಂದು ಕೆಲಸ ಮಾಡುತ್ತದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. ಅದು ನಮ್ಮನ್ನು ತಡೆದಿಟ್ಟಿರುತ್ತದೆ. ವಾರಾಂತ್ಯಕ್ಕೆ ಬರುವ ಅಷ್ಟೂ ಜನ ತಮಗೆ ತೋಚಿದ ಕಡೆ ನುಗ್ಗಿದರೆ ಕಾಡು ಎಷ್ಟು ದಿನ ತಾಳೀತು? ಗಟ್ಟಿ ನೆಲದ ಒಂದು ಪಟ್ಟಿ ಕೊಟ್ಟು ಇಲ್ಲೇ ನಡೆಯಿರಿ ಅಂದರೆ ಉಳಿದ ಕಾಡು ಉಳಿಯುತ್ತದೆ. ಆದರೂ ತಿರುವಿನಲ್ಲಿ ನಾಲ್ಕು ಹೆಜ್ಜೆ ಉಳಿಸಲು ಪೊದೆ ತುಳಿದು ಅಡ್ಡದಾರಿ ಮಾಡುವವರು ಇದ್ದೇ ಇರುತ್ತಾರೆ. ಒಟ್ಟು ನಡೆಯುವುದೇ ಇಷ್ಟು, ಅದರಲ್ಲಿ ಉಳಿಸಿ ಏನು ಸಾಧಿಸುತ್ತಾರೋ! ಹೀಗೆ ಬೋಳಾದ ನೆಲಕ್ಕೆ ಮೊದಲು ಬಂದು ಕೂರುವುದು ಕಳೆ. ಕ್ವೀನ್ಸ್‌ಲ್ಯಾಂಡ್ ಕಾಡಿಗೂ ಲಂಟಾನದ ಕಾಟ ತಪ್ಪಿಲ್ಲ. ಅದೇ ಬಣ್ಣ ಬಣ್ಣದ ಹೂವು, ಅದೇ ಮುಳ್ಳು, ಅದೇ ವಾಸನೆ. ನೀಲಗಿರಿ ಬಿಟ್ಟರೆ ಈ ಕಾಡಿನಲ್ಲಿ ನನಗೆ ಮೊದಲೇ ಪರಿಚಯ ಇದ್ದ ಗಿಡ ಅದೊಂದೇ. ಪರಿಚಯದವರನ್ನು ಕಂಡ ಖುಷಿಯೇನೂ ಆಗಲಿಲ್ಲ. ಅದರ ಬೀಜವನ್ನು ಹಕ್ಕಿಗಳು ಹರಡುತ್ತವೆ, ಬೇರೆ ಕಳೆಗಳ ಬೀಜವನ್ನು ನಮ್ಮ ಶೂ, ಸಾಕ್ಸ್ ಹರಡುತ್ತವೆ. ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಶೂ ತಳ ಕೆರೆದು ತೊಳೆಯಿರಿ ಅನ್ನುವುದು ಅದಕ್ಕೇ.

ಸುಲಭ ಅಂತ ಗೊತ್ತಾದ ಕೂಡಲೇ ಜನ ಎಚ್ಚರ ಕಳಚಿಟ್ಟು ಬರುತ್ತಾರೆ. ಹವಾಯಿ ಚಪ್ಪಲಿ, ಕೈಯಲ್ಲಿ ಫೋನು, ನೀರಿಲ್ಲ. ಅರ್ಧ ಗಂಟೆಯ ನಡಿಗೆಗೂ ನೀರು ಬೇಕು, ಟೋಪಿ ಬೇಕು. ಹಾವುಗಳಿಗೆ ಗ್ರೇಡ್ ಗೊತ್ತಿಲ್ಲ. ಬಿಸಿಲು ಕಾಯಿಸಲು ಅವಕ್ಕೂ ಸಪಾಟು ಹಾದಿಯೇ ಇಷ್ಟ. ಈ ಭಾಗದಲ್ಲಿ ಹೆಬ್ಬಾವು ಜಾತಿಯ ಕಾರ್ಪೆಟ್ ಪೈಥಾನ್ ಇದೆ, ಅದಕ್ಕೆ ವಿಷವಿಲ್ಲ. ಈಸ್ಟರ್ನ್ ಬ್ರೌನ್ ಕೂಡ ಇದೆ, ಅದಕ್ಕೆ ಇರುವ ವಿಷ ಸಾಮಾನ್ಯದ್ದಲ್ಲ. ಕಂಡರೆ ನಿಲ್ಲಿ, ಹಿಂದೆ ಸರಿಯಿರಿ, ಅದು ಹೋಗಲಿ. ಫೋಟೊ ಬೇಡ. ಕಚ್ಚಿದರೆ ಇಲ್ಲಿ ಹೇಳಿಕೊಡುವ ಕ್ರಮ ಹೀಗಿದೆ: ತುರ್ತು ಸೇವೆಯ ನಂಬರ್ 000ಕ್ಕೆ ಕರೆ ಮಾಡಿ. ಗಾಯ ತೊಳೆಯಬೇಡಿ, ಕೊಯ್ಯಬೇಡಿ. ಕಚ್ಚಿದ ಜಾಗದ ಮೇಲೆ, ಆಮೇಲೆ ಇಡೀ ಕೈಗೋ ಕಾಲಿಗೋ ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಕೋಲು ಕಟ್ಟಿ, ಅಲುಗಾಡದೆ ಮಲಗಿಸಿ. ನಡೆಸಿಕೊಂಡು ಬರಬೇಡಿ, ಕಾರು ಎಷ್ಟೇ ಹತ್ತಿರವಿರಲಿ. ಆ ಬ್ಯಾಂಡೇಜ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳುವುದಕ್ಕೆ ಭಾರವೇನೂ ಇಲ್ಲ, ಅಲ್ವಾ?

ಉಣುಗಿನ ಕಾಟವೂ ಉಂಟು. ಮನೆಗೆ ಬಂದ ಮೇಲೆ ಕಿವಿಯ ಹಿಂದೆ, ಕೂದಲ ಸಂದಿ, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಆಗಸ್ಟ್‌ನಿಂದ ಅಕ್ಟೋಬರ್ ತನಕ ಮ್ಯಾಗ್‌ಪೈ ಹಕ್ಕಿಗಳು ಗೂಡು ಕಾಯುತ್ತ ತಲೆಗೆ ಎರಗುತ್ತವೆ. ಎಲ್ಲವೂ ಅಲ್ಲ, ಕೆಲವು ಗಂಡುಗಳು ಮಾತ್ರ. ಆ ಕೆಲವೇ ಸಾಕು.

ಈ ಕಾಡಿನ ಬಗ್ಗೆ ನನಗೆ ತುಂಬ ದಿನದಿಂದ ಒಂದು ಅಸಮಾಧಾನವಿದೆ. ಒಳಗಿನ ಹಾದಿಯಲ್ಲಿ ನಡೆಯುವಾಗ ಗಾಳಿ ಆ ಕಡೆಯಿಂದ ಬೀಸಿದರೆ ಮೋಟರ್‌ವೇ ಸದ್ದು ಕೇಳಿಸುತ್ತದೆ. ಸುಲಭವಾಗಿ ಬಂದು ಸೇರಬಹುದಾದ ಕಾಡು ಬೇಕು ಅಂದರೆ ಊರು ಅದರ ಬಾಗಿಲಿಗೇ ಬಂದಿರಬೇಕು. ಬಂದಿದೆ. ಒಂದು ಕಾಲದಲ್ಲಿ ಇದು ಮರ ಕಡಿಯಲಿಕ್ಕೆ ಇಟ್ಟುಕೊಂಡ ಸ್ಟೇಟ್ ಫಾರೆಸ್ಟ್. ಇವತ್ತು ಮರಗಳಿಗೆ ಕೊಡಲಿಯ ಭಯವಿಲ್ಲ. ಆದರೆ ಕೋಆಲಾಕ್ಕೆ ಪಾರ್ಕಿನ ಗಡಿ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾಗುವುದು ಹೇಗೆ? ಜುಲೈ ಆಗಸ್ಟ್ ಹೊತ್ತಿಗೆ ಅವುಗಳ ಓಡಾಟ ಜಾಸ್ತಿಯಾಗುತ್ತದೆ, ಬೇಸಿಗೆಯ ತನಕ ಮುಂದುವರಿಯುತ್ತದೆ. ಗಂಡುಗಳು ರಾತ್ರಿ ಗುಟುರು ಹಾಕುತ್ತವೆ. ಇಷ್ಟು ಸಾಧು ಪ್ರಾಣಿಯ ಗಂಟಲಿನಿಂದ ಅಂಥ ಸದ್ದು ಬರುತ್ತದೆ ಅಂತ ಮೊದಲ ಸಲ ಕೇಳಿದವರು ನಂಬುವುದಿಲ್ಲ. ಆ ದಿನಗಳಲ್ಲಿ ಅವು ನೆಲಕ್ಕಿಳಿದು ರಸ್ತೆ ದಾಟುತ್ತವೆ, ಹಿತ್ತಲಿನ ಬೇಲಿ ದಾಟುತ್ತವೆ. ಒಂದು ಕಡೆ ಕಾರು, ಇನ್ನೊಂದು ಕಡೆ ನಾಯಿ. ಇವೆರಡನ್ನೂ ತಪ್ಪಿಸಿಕೊಂಡವಕ್ಕೆ ಕ್ಲಮೈಡಿಯಾ ರೋಗ. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ಕ್ಯಾನ್‌ಬೆರಾ ಪ್ರದೇಶದ ಕೋಆಲಾಗಳನ್ನು 2022ರ ಫೆಬ್ರವರಿಯಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ಹಾಗಂತ ಬರಬೇಡಿ ಅನ್ನುವುದಿಲ್ಲ. ಬನ್ನಿ. ಆದರೆ ಪಾರ್ಕ್ ಒಳಗೆ ಎಷ್ಟು ನಿಧಾನಕ್ಕೆ ನಡೆದಿರೋ ಅಷ್ಟೇ ನಿಧಾನಕ್ಕೆ ಹೊರಗಿನ ಬೀದಿಗಳಲ್ಲಿ ಕಾರು ಓಡಿಸಿ. ಮುಸ್ಸಂಜೆ, ಮುಂಜಾವಿನಲ್ಲಂತೂ ಇನ್ನೂ ನಿಧಾನ. ಹಾದಿ ಬದಿಯಲ್ಲೋ ಯಾರದೋ ಗೇಟಿನ ಹತ್ತಿರವೋ ಒಂದು ಕೋಆಲಾ ನೆಲದ ಮೇಲೆ ಬಹಳ ಹೊತ್ತಿನಿಂದ ಕೂತಿದ್ದರೆ, ಕಣ್ಣು ಕೆಂಪಗಾಗಿ ಪಿಸುರು ಕಟ್ಟಿದ್ದರೆ, ಹಿಂಭಾಗ ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಅದಕ್ಕೆ ಹುಷಾರಿಲ್ಲ ಅಂತಲೇ ಅರ್ಥ. ಎತ್ತಲು ಹೋಗಬೇಡಿ, ಉಗುರು ಹರಿತ. ಬಾಟಲಿಯಿಂದ ನೀರು ಕುಡಿಸಲೂ ಹೋಗಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ನಾಯಿಗಳನ್ನು ದೂರ ಇಟ್ಟು, ನಿಂತ ಜಾಗದಿಂದಲೇ ಪ್ರಾಣಿಗಳನ್ನು ಕಾಪಾಡುವ ಸಂಸ್ಥೆಯಾದ ಆರ್‌ಎಸ್‌ಪಿಸಿಎ ಕ್ವೀನ್ಸ್‌ಲ್ಯಾಂಡ್‌ಗೆ ಫೋನ್ ಮಾಡಿ. ನಂಬರ್ 1300 264 625. ಹಾದಿಯ ಹೆಸರು, ಹತ್ತಿರದ ಮರದ ಗುರುತು ಹೇಳಿದರೆ ಬರುವವರಿಗೆ ಹುಡುಕಲು ಸುಲಭ.